ಕೆರೆಯ ಆಮೆಗೆ ಪರವಾನಗಿ ಕೇಳುವ ಮೊದಲು

ಪ್ರಶ್ನೆ: ನಾನು ಹಾವೇರಿ ತಾಲ್ಲೂಕಿನ ಒಂದು ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಸಂಘ ಎರಡು ಕೆರೆಗಳನ್ನು ಗುತ್ತಿಗೆ ಹಿಡಿದಿದೆ. ವರದಾ ಹೊಳೆಯಲ್ಲಿಯೂ ಬಲೆ ಹಾಕುತ್ತೇವೆ. ಕೆರೆಯಲ್ಲಿ ಆಮೆಗಳು ಬಹಳ ಆಗಿವೆ. ಬಲೆ ಹರಿಯುತ್ತವೆ, ಬಲೆಗೆ ಬಿದ್ದ ಮೀನನ್ನು ಕಚ್ಚಿ ಕೆಡಿಸುತ್ತವೆ. ಕದ್ದು ಹಿಡಿದು ತಿನ್ನುವವರು ಹೇಗೂ ತಿನ್ನುತ್ತಿದ್ದಾರೆ. ಅಮೆರಿಕದಲ್ಲಿ ಲೈಸೆನ್ಸ್ ಕೊಟ್ಟು ಆಮೆ ಹಿಡಿಸುತ್ತಾರೆಂದು ಓದಿದೆ. ವರ್ಷಕ್ಕೆ ಇಂತಿಷ್ಟೇ ಎಂದು ಗೊತ್ತುಮಾಡಿ, ಸಣ್ಣವನ್ನು ಬಿಟ್ಟು ದೊಡ್ಡವನ್ನು ಮಾತ್ರ ಹಿಡಿಯಲು ನಮ್ಮಲ್ಲಿಯೂ ಪರವಾನಗಿ ಕೊಡಬಾರದೇಕೆ? ಸಾಕಣೆಗಾದರೂ ಅವಕಾಶವಿದೆಯೇ? ಯಾರಿಗೆ ಅರ್ಜಿ ಹಾಕಬೇಕು?

ಉತ್ತರ: ಅರ್ಜಿಯ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದಕ್ಕೆ ಉತ್ತರ ಚಿಕ್ಕದು. ಮಾರಾಟಕ್ಕಾಗಿಯೋ ಊಟಕ್ಕಾಗಿಯೋ ಆಮೆ ಹಿಡಿಯಲು ಪರವಾನಗಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೂ ಇಲ್ಲ, ಮೀನುಗಾರಿಕೆ ಇಲಾಖೆಗೂ ಇಲ್ಲ, ಅರಣ್ಯ ಇಲಾಖೆಗೂ ಇಲ್ಲ. ನಿಮ್ಮ ಬಲೆಗೆ ಬೀಳುವ ಆಮೆ ಬಹುಮಟ್ಟಿಗೆ ಕೆರೆಯಾಮೆ, ಅಂದರೆ ಶಾಸ್ತ್ರಜ್ಞರು ಲಿಸೆಮಿಸ್ ಪಂಕ್ಟೇಟಾ ಎನ್ನುವ ಜಾತಿಯದಾಗಿದ್ದು, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಕಾಗದದ ಮೇಲಾದರೂ ಹುಲಿ, ಆನೆಗಳ ಪಂಕ್ತಿಯಲ್ಲಿಯೇ ಕುಳಿತಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದು ಅನುಸೂಚಿಗಳೆಲ್ಲ ಅದಲುಬದಲಾದ ಮೇಲೂ ಅದರ ಸ್ಥಾನ ಕದಲಿಲ್ಲ. ಒಂದನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಲ್ಲದ ದಂಡ. ಕಾಯ್ದೆಯ ಲೆಕ್ಕದಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಅದಕ್ಕೆಂದೇ ಬಲೆಯೊಡ್ಡುವುದು, ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕೆದಕುವುದು ಎಲ್ಲವೂ ಬೇಟೆಯೇ.

ಬಲೆ ಹರಿಯುತ್ತದೆ ಎಂಬ ಕಾರಣವನ್ನು ಮುಂದಿಟ್ಟರೂ ಬಾಗಿಲು ತೆರೆಯುವುದಿಲ್ಲ. ಕಾಯ್ದೆಯ ಕಲಂ 11ರ ಪ್ರಕಾರ ಒಂದನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದಾದದ್ದು ಅದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾದಾಗ, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ರೋಗಕ್ಕೋ ಊನಕ್ಕೋ ತುತ್ತಾದಾಗ ಮಾತ್ರ. ಆಸ್ತಿಪಾಸ್ತಿಗೆ ಹಾನಿ ಎಂಬ ಕಾರಣ ಎರಡನೆಯ ಅನುಸೂಚಿಯ ಪ್ರಾಣಿಗಳಿಗೆ ಅನ್ವಯಿಸುವಂಥದು, ಮತ್ತು ಬಲೆ ಎಷ್ಟು ದುಬಾರಿಯದಾದರೂ ಆಸ್ತಿಯೇ ಹೊರತು ಜೀವವಲ್ಲ. ಕಲಂ 12ರಲ್ಲಿ ಸಂಶೋಧನೆ, ಶಿಕ್ಷಣ, ವೈಜ್ಞಾನಿಕ ನಿರ್ವಹಣೆಗಳಿಗೆ ದಾರಿಯಿದೆ, ಆದರೆ ಅದು ಸಂತೆಗೆ ಹೋಗುವ ದಾರಿಯಲ್ಲ. ಸಾಕಣೆಯೂ ಇದೇ ಗೋಡೆಗೆ ಬಂದು ನಿಲ್ಲುತ್ತದೆ.

ಕಾನೂನು ಬೇಡವೆನ್ನುತ್ತದೆ ಎಂಬಲ್ಲಿಗೆ ಉತ್ತರ ಮುಗಿಸಿದರೆ ನಿಮ್ಮ ಪ್ರಶ್ನೆಗೆ ಅನ್ಯಾಯ ಮಾಡಿದಂತಾಗುತ್ತದೆ. ಕಾನೂನನ್ನು ಬರೆದವರು ಮನುಷ್ಯರೇ, ನಾಳೆ ತಿದ್ದಲೂಬಹುದು. ನಿಮ್ಮ ಮಾತಿನ ಹುರುಳು ಇರುವುದು, ತಿದ್ದುವುದು ಸರಿಯೇ, ಲೆಕ್ಕ ಹಾಕಿ ಹಿಡಿದರೆ ಆಮೆ ಉಳಿದೀತೇ ಎಂಬಲ್ಲಿ. ಕದ್ದು ಹಿಡಿಯುವವರನ್ನು ಲೆಕ್ಕದೊಳಗೆ ತರಬೇಕೆಂಬ ಆಲೋಚನೆ ಹುಂಬತನದ್ದಲ್ಲ. ಅಡವಿಯ ಬಿದಿರಿಗೂ ಹೊಳೆಯ ಮೀನಿಗೂ ನಾವು ಅದನ್ನೇ ಮಾಡುತ್ತೇವೆ. ಆಮೆಗೆ ಅದು ಏಕೆ ಹೊಂದುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲು ಆಮೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ನಮ್ಮ ಭಾಗದ ಕೆರೆ-ಹೊಳೆಗಳಲ್ಲಿ ನಿಮಗೆ ಮೂರು ಬಗೆಯ ಆಮೆ ಎದುರಾಗಬಹುದು. ಮೊದಲನೆಯದು ಮೇಲೆ ಹೇಳಿದ ಕೆರೆಯಾಮೆ. ಬೆನ್ನು ಒಂದು ಅಡಿಗಿಂತ ತುಸು ಹೆಚ್ಚು ಬೆಳೆದರೆ ಅದೇ ದೊಡ್ಡದು. ಅದನ್ನು ಅಂಗಾತ ಮಾಡಿ ನೋಡಿದರೆ ಹೊಟ್ಟೆಯ ಹಲಗೆಯ ಹಿಂಭಾಗದಲ್ಲಿ ಎರಡು ಮಡಿಕೆಗಳು ಕಾಣುತ್ತವೆ. ಹಿಂಗಾಲನ್ನು ಒಳಗೆಳೆದುಕೊಂಡ ಕೂಡಲೇ ಆ ಮಡಿಕೆಗಳು ಎಲೆಯಡಿಕೆ ಸಂಚಿಯ ಬಾಯಿ ಮಡಚಿದಂತೆ ಮೇಲೆ ಮುಚ್ಚಿಕೊಳ್ಳುತ್ತವೆ. ಬೆನ್ನ ಮೇಲೆ ಉದ್ದಕ್ಕೆ ಮೂರು ಏಣುಗಳಿರುವ, ಗಟ್ಟಿ ಚಿಪ್ಪಿನ ಕರಿಯಾಮೆ ಎರಡನೆಯದು. ಮೂರನೆಯದು ದೊಡ್ಡ ಹೊಳೆಯ ಮಡುಗಳ ಮೆದುಚಿಪ್ಪಿನ ಆಮೆ, ನಿಲ್ಸೋನಿಯಾ ಲೀಥಿಯೈ. ಚಿಪ್ಪೇ ಎರಡು ಅಡಿಯವರೆಗೆ ಬೆಳೆಯುವ, ಮರಿಯಾಗಿದ್ದಾಗ ಬೆನ್ನ ಮೇಲೆ ಕಣ್ಣಿನಂಥ ಚಿತ್ತಾರವಿರುವ ಈ ಜಾತಿ ನಮ್ಮ ದಕ್ಷಿಣ ಪರ್ಯಾಯ ದ್ವೀಪದ ನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಲ್ಲಿದೆ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನದಲ್ಲಿ ಭಾರತವೇ ಕೇಳಿಕೊಂಡು ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ಪೂರ್ತಿ ನಿಷಿದ್ಧವಾದ ಮೊದಲ ಅನುಬಂಧಕ್ಕೆ ಸೇರಿಸಿತು. ಎಲ್ಲೆಡೆ ಕಾಣುವ ಕೆರೆಯಾಮೆಯನ್ನೂ ಅದೇ ಐಯುಸಿಎನ್ 2021ರಿಂದ ಅಪಾಯಕ್ಕೊಳಗಾಗಬಲ್ಲ ಜಾತಿಯೆಂದು ಗುರುತಿಸಿದೆ.

ಈಗ ನಿಮ್ಮ ಕೆರೆಯ ಕಾಟ್ಲಾ ಮೀನಿನ ವಿಷಯಕ್ಕೆ ಬನ್ನಿ. ಅದು ನಿಮ್ಮ ಕೆರೆಯಲ್ಲಿ ಹುಟ್ಟಿದ್ದಲ್ಲ. ಕಾಟ್ಲಾ, ರೋಹು, ಮೃಗಾಲಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ; 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ ಭಾರತದ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಎಲ್ಲೆಡೆಯ ಕೆರೆಗಳಿಗೆ ವರ್ಷ ವರ್ಷ ಮೀನುಮರಿ ಬಿಡುವುದು ಸುಲಭವಾದದ್ದು. ಒಂದು ತಾಯಿಮೀನು ಲಕ್ಷಗಟ್ಟಲೆ ಮೊಟ್ಟೆ ಕೊಡುತ್ತದೆ, ಮರಿ ಒಂದೇ ವರ್ಷದಲ್ಲಿ ಮಾರಾಟಕ್ಕೆ ಬರುತ್ತದೆ, ಕೆರೆ ಬರಿದಾದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಮರಿ ತಂದು ಬಿಟ್ಟರಾಯಿತು. ಕೆರೆಯಾಮೆಯೋ ಒಂದು ಸಲಕ್ಕೆ 2ರಿಂದ 16 ಮೊಟ್ಟೆಯಿಡುತ್ತದೆ. ಮುಂಗಾರು ಇಳಿಮುಖವಾಗುವ ಹೊತ್ತಿನಲ್ಲಿ ಏರಿಯ ಮಗ್ಗುಲ ಮಣ್ಣನ್ನೋ ಹೊಲದ ಬದುವನ್ನೋ ಹಿಂಗಾಲಿನಿಂದ ತೋಡಿ ಗುಂಡನೆಯ ಮೊಟ್ಟೆಗಳನ್ನಿಟ್ಟು ಮುಚ್ಚಿದರೆ, ಒಳಗಿನ ಜೀವ ಮುಂದಿನ ಮಳೆಯವರೆಗೆ, ಅಂದರೆ ಎಂಟು-ಒಂಬತ್ತು ತಿಂಗಳು, ಮಣ್ಣಿನಲ್ಲಿಯೇ ಕಾಯಬೇಕಾಗಬಹುದು. ಅಷ್ಟು ದಿನ ಮುಂಗುಸಿ, ಉಡ, ನಾಯಿ, ಹಂದಿ, ಕುಂಟೆ, ನೇಗಿಲು, ಟ್ರ್ಯಾಕ್ಟರು ಎಲ್ಲವನ್ನೂ ಅದು ತಪ್ಪಿಸಿಕೊಳ್ಳಬೇಕು. ಹೊರಬಂದ ಮರಿಯನ್ನು ಹಿಡಿಯಲು ಕೊಕ್ಕರೆಗಳು ನೀರಂಚಿನಲ್ಲಿ ನಿಂತಿರುತ್ತವೆ.

ಸಹಕಾರ ಸಂಘದವರಿಗೆ ಬಡ್ಡಿ-ಅಸಲಿನ ಭಾಷೆಯಲ್ಲಿ ಹೇಳುವುದು ಸುಲಭ. ಒಂದು ಹೆಣ್ಣಾಮೆ ವರ್ಷಕ್ಕೆ 10 ಮೊಟ್ಟೆ ಇಡುತ್ತದೆಂದೂ 100 ಮೊಟ್ಟೆಗೆ ಒಂದು ಮರಿ ಮಾತ್ರ ಬೆಳೆದು ದೊಡ್ಡದಾಗುತ್ತದೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಇವು ಅಳೆದು ತಂದ ಅಂಕಿಗಳಲ್ಲ, ತಿಳಿಯಲೆಂದು ಹಿಡಿದ ಅಂಕಿಗಳು. ತನ್ನ ಮತ್ತು ತನ್ನ ಜೋಡಿಯ ಸ್ಥಾನಕ್ಕೆ ಎರಡು ಆಮೆಗಳನ್ನು ಬಿಟ್ಟುಹೋಗಬೇಕಾದರೆ ಅದು 200 ಮೊಟ್ಟೆ ಇಡಬೇಕು, ಅಂದರೆ ದೊಡ್ಡದಾದ ಮೇಲೆ 20 ವರ್ಷ ಬದುಕಬೇಕು. ಅದು ಮೊಟ್ಟೆಯಿಡಲು ಶುರುಮಾಡಿದ ನಾಲ್ಕನೆಯ ವರ್ಷ ನೀವು ಹಿಡಿದಿರಿ ಎನ್ನಿ. ಇಟ್ಟದ್ದು 40 ಮೊಟ್ಟೆ. ಲೆಕ್ಕದ ಪ್ರಕಾರ ಕೆರೆಗೆ ಬಂದದ್ದು ಅರ್ಧ ಆಮೆಗೂ ಕಡಿಮೆ, ಹೋದದ್ದು ಒಂದು ಪೂರ್ತಿ ಆಮೆ. ಬೆಳೆದ ಆಮೆಗಳೆಲ್ಲ ಅಸಲು. ಬಡ್ಡಿ ಬರುವುದು ಅತಿ ನಿಧಾನವಾಗಿ, ಅದೂ ಅಸಲನ್ನು ಬಹುಕಾಲ ಮುಟ್ಟದೆ ಇಟ್ಟಾಗ ಮಾತ್ರ. ವರ್ಷಕ್ಕೆ ಇಂತಿಷ್ಟು ಹಿಡಿಯಬಹುದು ಎಂದು ಗೊತ್ತುಮಾಡುವ ಯಾವುದೇ ಪರವಾನಗಿ, ಹೆಸರು ಏನೇ ಇರಲಿ, ಅಸಲಿನಲ್ಲಿಯೇ ಕೈಯಿಡುತ್ತದೆ.

ಇದು ಬರಿಯ ತರ್ಕವಲ್ಲ, ಹೊಳೆ-ಕೆರೆಗಳಲ್ಲಿ ನಿಂತು ಕಂಡುಕೊಂಡದ್ದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜಸ್ಟಿನ್ ಕಾಂಗ್ಡನ್ ಮತ್ತು ಜೊತೆಗಾರರು ದಶಕಗಳ ಕಾಲ ಗುರುತು ಹಾಕಿ ಬಿಟ್ಟ ಕಚ್ಚಾಮೆಗಳ (ಸ್ನ್ಯಾಪಿಂಗ್ ಟರ್ಟಲ್) ದಾಖಲೆಯಿಂದ 1994ರಲ್ಲಿ ಒಂದು ಲೆಕ್ಕ ಕೊಟ್ಟರು: 15 ವರ್ಷ ದಾಟಿದ ಆಮೆಗಳ ಸಾವು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಸಾಕು, 20 ವರ್ಷದೊಳಗೆ ಬೆಳೆದ ಆಮೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲ್ಗಾಂಕ್ವಿನ್ ಉದ್ಯಾನದಲ್ಲಿ ನಿಸರ್ಗವೇ ಒಂದು ಪರೀಕ್ಷೆ ಮಾಡಿ ತೋರಿಸಿತು. 1980ರ ದಶಕದ ಕೊನೆಯ ಚಳಿಗಾಲಗಳಲ್ಲಿ ನೀರುನಾಯಿಗಳು ಮಂಜುಗಡ್ಡೆಯಡಿ ನಿದ್ರಿಸುತ್ತಿದ್ದ ಕಚ್ಚಾಮೆಗಳನ್ನು ಹಿಡಿದು ತಿಂದವು. ಆಮೆ ಕಡಿಮೆಯಾದರೆ ಉಳಿದವಕ್ಕೆ ಹೊಟ್ಟೆತುಂಬ ಸಿಕ್ಕಿ, ಹೆಚ್ಚು ಮೊಟ್ಟೆಯಿಟ್ಟು, ನಷ್ಟವನ್ನು ತುಂಬಿಕೊಳ್ಳುತ್ತವೆ ಎಂಬುದು ಮೀನುಗಾರಿಕೆಯ ಶಾಸ್ತ್ರದಿಂದ ಬಂದ ನಿರೀಕ್ಷೆ. ಹಾಗಾಗಲಿಲ್ಲ. ಯಾರೂ ಬೇಟೆಯಾಡದ ಆ ಉದ್ಯಾನದಲ್ಲಿ 23 ವರ್ಷ ಕಳೆದರೂ ಸಂಖ್ಯೆ ಮೇಲೇಳಲಿಲ್ಲ. ನಮ್ಮ ಬಿಸಿಲಿನ ಕೆರೆಗಳಲ್ಲಿ ಆಮೆ ಕೆನಡಾದ ಆಮೆಗಿಂತ ಬೇಗ ಬೆಳೆಯುತ್ತದೆ ಎಂದು ನೀವು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಬೇಗ ಬೆಳೆದ ಮಾತ್ರಕ್ಕೆ ಮೊಟ್ಟೆ ಲಕ್ಷವಾಗುವುದಿಲ್ಲ. ನಿಧಾನದ ಬಡ್ಡಿ ಸ್ವಲ್ಪ ಚುರುಕಾದೀತು, ಅಷ್ಟೇ.

ಸಣ್ಣವನ್ನು ಬಿಟ್ಟು ದೊಡ್ಡವನ್ನು ಹಿಡಿಯುತ್ತೇವೆ ಎಂಬ ನಿಮ್ಮ ಸಲಹೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಅದರ ಹಿಂದಿರುವ ಮನಸ್ಸು ಒಳ್ಳೆಯದು, ಫಲ ಮಾತ್ರ ತಲೆಕೆಳಗು. ಮೀನಿಗೆ ಬಲೆಯ ಕಣ್ಣಿನ ಅಳತೆ ಗೊತ್ತುಮಾಡುವುದು ಮರಿ ಒಂದು ಸಲವಾದರೂ ಮೊಟ್ಟೆಯಿಟ್ಟು ಆಮೇಲೆ ಸಿಗಲಿ ಎಂದು. ಆ ನಿಯಮವನ್ನೇ ಆಮೆಗೆ ಹೊದಿಸಿದರೆ, ಎಷ್ಟೋ ಕಂಟಕ ದಾಟಿ ಬೆಳೆದು ನಿಂತ ತಾಯಿಯನ್ನು ಒಯ್ದು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೇಗೂ ಸಾಯಲಿದ್ದ ಮರಿಯನ್ನು ಬಿಟ್ಟಂತಾಗುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಚಿಪ್ಪು ಇಷ್ಟು ಅಂಗುಲಕ್ಕಿಂತ ದೊಡ್ಡದಿದ್ದರೆ ಮಾತ್ರ ಹಿಡಿಯಬಹುದು ಎಂಬ ಇಂಥದೇ ನಿಯಮ ಬಂದದ್ದುಂಟು. ಮೀನಿನ ಇಲಾಖೆಯವರು ಮೀನಿನ ಪುಸ್ತಕ ನೋಡಿ ಬರೆದ ನಿಯಮಗಳವು ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದ ಲೈಸೆನ್ಸಿನ ವಿಷಯ ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. ಅಲ್ಲಿಯೇ ಟೆಕ್ಸಾಸ್ ರಾಜ್ಯ 2007ರಲ್ಲಿ ಸಾರ್ವಜನಿಕ ನೀರಿನಿಂದ ವ್ಯಾಪಾರಕ್ಕಾಗಿ ಆಮೆ ಹಿಡಿಯುವುದನ್ನು ನಿಲ್ಲಿಸಿ, ಖಾಸಗಿ ಕೊಳಗಳಲ್ಲಿ ಕೆಲವು ಜಾತಿಗಳಿಗೆ ಮಾತ್ರ ಅವಕಾಶ ಉಳಿಸಿ, 2018ರಲ್ಲಿ ಅದನ್ನೂ ಮುಚ್ಚಿತು. ಫ್ಲಾರಿಡಾ 2009ರಲ್ಲಿ ಕಾಡಿನ ಸಿಹಿನೀರಿನ ಆಮೆಗಳ ವ್ಯಾಪಾರಕ್ಕೆ ಕೊನೆ ಹಾಡಿತು. ಒಂಟಾರಿಯೊದಲ್ಲಿ ಮೀನಿನ ಲೈಸೆನ್ಸ್ ಇದ್ದವರು ದಿನಕ್ಕೆ ಎರಡು ಕಚ್ಚಾಮೆ ಹಿಡಿಯಬಹುದಿತ್ತು. ಮಿತಿಯನ್ನು ಇನ್ನಷ್ಟು ಬಿಗಿ ಮಾಡುವ ಮಾತು ಮೊದಲು ಬಂದು, ಕೊನೆಗೆ 2017ರಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು. ಲೈಸೆನ್ಸು ಕೊಟ್ಟು ನೋಡಿದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಳ್ಳುತ್ತಿರುವಾಗ ನಾವು ಹೊಸದಾಗಿ ಅಂಗಡಿ ತೆರೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಆಮೆ ಬಹಳ ಆಗಿವೆ ಎಂಬ ಮಾತು. ಏಪ್ರಿಲ್ ಹೊತ್ತಿಗೆ ಕೆರೆ ಬತ್ತುತ್ತ ಬಂದು ನೀರು ಒಂದು ಮೂಲೆಗೆ ಸರಿದಾಗ, ಇಡೀ ಕೆರೆಯಲ್ಲಿ ಹಂಚಿಹೋಗಿದ್ದ ಆಮೆಗಳೆಲ್ಲ ಆ ಮೂಲೆಗೆ ಸೇರುತ್ತವೆ. ಆಗ ಎಸೆದ ಬಲೆಗೆಲ್ಲ ಆಮೆ. ಅದೇ ಆಮೆಗಳು ಆಗಸ್ಟಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಸಂಗತಿಯನ್ನು ನೀವೇ ಪರೀಕ್ಷಿಸಿ ನೋಡಿ. ಈ ಎರಡು-ಮೂರು ವರ್ಷಗಳಲ್ಲಿ ಅಂಗೈಯಗಲದ ಆಮೆ ನಿಮ್ಮವರ ಕಣ್ಣಿಗೆ ಬಿದ್ದಿದೆಯೇ ಎಂದು ಸಂಘದ ಸದಸ್ಯರನ್ನು ಕೇಳಿ. ಸಿಗುವುದೆಲ್ಲ ದೊಡ್ಡವೇ ಆಗಿದ್ದರೆ ಅದು ಸಮೃದ್ಧಿಯ ಲಕ್ಷಣವಲ್ಲ. ಹುಡುಗರೆಲ್ಲ ಬೆಂಗಳೂರಿಗೆ ಹೋಗಿ ಕಟ್ಟೆಯ ಮೇಲೆ ಮುದುಕರಷ್ಟೇ ಉಳಿದ ಊರಿನಂಥ ಕೆರೆ ಅದು. ಜನಗಣತಿಯಲ್ಲಿ ತಲೆಗಳೇನೋ ಇರುತ್ತವೆ.

ಗಣತಿಯೂ ಸುಲಭದ ಕೆಲಸವಲ್ಲ. ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿದು, ಗುರುತಿನವು ಎಷ್ಟು ಬಂದವು ಎಂಬುದರ ಮೇಲೆ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಬೇಕು. ಗಟ್ಟಿ ಚಿಪ್ಪಿನ ಆಮೆಯಾದರೆ ಅಂಚಿನ ಫಲಕಗಳಿಗೆ ಅರದಿಂದ ಸಣ್ಣ ಕಚ್ಚು ಹಾಕಿದರೆ ಅದೇ ಅದರ ನಂಬರು. ಕೆರೆಯಾಮೆಗೆ ಅಂಥ ಫಲಕಗಳಿಲ್ಲ, ಮೇಲೆ ಚರ್ಮವಿರುವುದರಿಂದ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ, ಗುರುತಿನ ಎಲೆಕ್ಟ್ರಾನಿಕ್ ಚಿಪ್ ಇಡಬೇಕಾಗುತ್ತದೆ. ಮೇಲಾಗಿ ಅದು ಬೇಸಗೆಯಲ್ಲಿ ತಿಂಗಳುಗಟ್ಟಲೆ ಕೆಸರಿನೊಳಗೆ ಹೂತು ಕೂರುವ ಪ್ರಾಣಿ. ಒಂದು ಕೆರೆಯ ಲೆಕ್ಕಕ್ಕೇ ಹಲವು ವರ್ಷ ಬೇಕಾಗುವಾಗ ನೂರಾರು ಕೆರೆಗಳ ಜಿಲ್ಲೆಗೆ ಇಷ್ಟು ಎಂದು ಕೋಟಾ ಬರೆಯುವ ಅಧಿಕಾರಿ ಯಾವ ಅಂಕಿಯನ್ನು ನೋಡಿ ಬರೆದಾರು?

ಬರೆದರೂ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕತ್ತರಿಸಿದ ಮಾಂಸ ಪರವಾನಗಿಯ ಆಮೆಯದೋ ಕದ್ದದ್ದೋ, ಕೆರೆಯಾಮೆಯದೋ ತುಂಗಭದ್ರೆಯ ಮಡುವಿನಿಂದ ಎತ್ತಿದ ಮೆದುಚಿಪ್ಪಿನದೋ ಎಂದು ನೋಡಿ ಹೇಳಲಾಗುವುದಿಲ್ಲ. ಇಂಡೊನೇಷ್ಯಾ ತನ್ನ ಒಂದು ಪೆಟ್ಟಿಗೆಯಾಮೆಗೆ ವರ್ಷಕ್ಕೆ ಇಷ್ಟೇ ಎಂದು ರಫ್ತಿನ ಕೋಟಾ ಇಟ್ಟಾಗ ಆ ಕಾಗದದ ಮರೆಯಲ್ಲಿ ಅದರ ಹತ್ತಾರು ಪಟ್ಟು ಆಮೆ ಹೊರಹೋದದ್ದು ದಾಖಲಾಗಿದೆ. ನಮ್ಮಲ್ಲಿ ಬೇಡಿಕೆಯೇನೂ ಚಿಕ್ಕದಲ್ಲ: ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ 2016ರ ಡಿಸೆಂಬರಿನಿಂದ 2017ರ ಜನವರಿಯವರೆಗೆ ನಡೆಸಿದ ‘ಆಪರೇಷನ್ ಸೇವ್ ಕೂರ್ಮ’ ಎಂಬ ಒಂದೇ ಕಾರ್ಯಾಚರಣೆಯಲ್ಲಿ 15,739 ಜೀವಂತ ಆಮೆಗಳು ಸಿಕ್ಕವು. ಅಂಥ ಜಾಲಕ್ಕೆ ನಿಮ್ಮ ಸಂಘದ ರಸೀದಿ ಪುಸ್ತಕ ಸಿಕ್ಕರೆ ಏನಾಗುತ್ತದೆಂದು ನೀವೇ ಊಹಿಸಿಕೊಳ್ಳಿ. ಸಿಕ್ಕಿಬೀಳುವಾಗ ಹೆಸರು ಸಂಘದ್ದಾಗಿರುತ್ತದೆ.

ಸಾಕಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೀನಾದಲ್ಲಿ ಮೆದುಚಿಪ್ಪಿನ ಆಮೆಗಳನ್ನು ಫಾರ್ಮುಗಳಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಬೆಳೆಸಿ ಮಾರುತ್ತಾರೆ. ಅಷ್ಟಾದರೂ ಕಾಡಿನ ಆಮೆಗೆ ರುಚಿ ಹೆಚ್ಚು, ಗುಣ ಹೆಚ್ಚು ಎಂಬ ನಂಬಿಕೆ ಅಲ್ಲಿ ಹೋಗಲಿಲ್ಲ, ಫಾರ್ಮಿನವರು ತಳಿಗಾಗಿ ಹೊಳೆಯ ತಾಯಾಮೆಗಳನ್ನು ಕೊಳ್ಳುವುದೂ ನಿಲ್ಲಲಿಲ್ಲ. ನಾಟಿ ಕೋಳಿಗೂ ಫಾರಂ ಕೋಳಿಗೂ ಸಂತೆಯಲ್ಲಿರುವ ಬೆಲೆಯ ಅಂತರ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಜಗತ್ತಿನಲ್ಲಿ ಎಲ್ಲಿಯೂ ಆಮೆಯನ್ನು ಲೆಕ್ಕದಿಂದ ಬಳಸಿ ಉಳಿಸಿಕೊಂಡದ್ದಿಲ್ಲವೇ ಎಂದರೆ, ಇದೆ. ಅದನ್ನು ಮುಚ್ಚಿಟ್ಟರೆ ನಾನು ಪ್ರಾಮಾಣಿಕನಾಗುವುದಿಲ್ಲ. 19ನೆಯ ಶತಮಾನದ ನಡುವಿನಲ್ಲಿ ಅಮೆಜಾನ್ ನದಿಯಲ್ಲಿ ಓಡಾಡಿದ ನಿಸರ್ಗಶಾಸ್ತ್ರಜ್ಞ ಹೆನ್ರಿ ವಾಲ್ಟರ್ ಬೇಟ್ಸ್, ದೀಪದ ಎಣ್ಣೆಗಾಗಿ ಅಲ್ಲಿ ವರ್ಷಕ್ಕೆ 4.8 ಕೋಟಿ ಆಮೆಮೊಟ್ಟೆಗಳು ನಾಶವಾಗುತ್ತಿವೆಯೆಂದು ಲೆಕ್ಕ ಹಾಕಿದ್ದರು. ಅದೇ ನದಿಯ ಮೇಲ್ಭಾಗದಲ್ಲಿ, ಪೆರು ದೇಶದ ಪಕಾಯಾ ಸಮಿರಿಯಾ ಎಂಬ 20 ಲಕ್ಷ ಹೆಕ್ಟೇರಿಗೂ ದೊಡ್ಡದಾದ ರಕ್ಷಿತ ಪ್ರದೇಶದಲ್ಲಿ, ಈಗ ಹೊಳೆದಂಡೆಯ ಊರವರ ಗುಂಪುಗಳು ತರಿಕಾಯಾ ಎಂಬ ಆಮೆಯ ಮೊಟ್ಟೆಗಳನ್ನು ನೆರೆಗೆ ಕೊಚ್ಚಿಹೋಗುವ ಮೊದಲು ತಂದು, ತಾವೇ ಕಟ್ಟಿದ ಮರಳಿನ ಮಡಿಗಳಲ್ಲಿ ಹೂತು, ಮರಿ ಮಾಡಿ ಹೊಳೆಗೆ ಬಿಡುತ್ತವೆ. ಬದಲಿಗೆ ಸರ್ಕಾರ ಒಪ್ಪಿದ ಯೋಜನೆಯ ಪ್ರಕಾರ ಮೊಟ್ಟೆ ಮತ್ತು ಮರಿಗಳ ಒಂದು ಪಾಲನ್ನು ಮಾರುವ ಹಕ್ಕು ಅವರದು. ಗಮನಿಸಬೇಕಾದದ್ದು ಇಷ್ಟು: ಅಲ್ಲಿ ಕೊಯ್ಲಾಗುವುದು ಹೇಗೂ ಬಹುಪಾಲು ಸಾಯಲಿದ್ದ ಮೊಟ್ಟೆ-ಮರಿಗಳ ಪಾಲು, ಬೆಳೆದ ಆಮೆಯಲ್ಲ, ಕಾಯುವವರೂ ಪಡೆಯುವವರೂ ಒಂದೇ ಊರಿನವರು, ಮತ್ತು ಆ ಆಮೆ ಗೊತ್ತಾದ ಮರಳುದಿಬ್ಬಗಳಿಗೇ ಬಂದು ಮೊಟ್ಟೆಯಿಡುತ್ತದೆ. ನಮ್ಮ ಕೆರೆಯಾಮೆ ಒಂದೊಂದೇ ಬಂದು ಯಾರ ಬದುವಿನಲ್ಲೋ ಏಳೆಂಟು ಮೊಟ್ಟೆ ಹೂತು ಹೋಗುತ್ತದೆ. ಅದನ್ನು ಕಾದು ಪಾಲು ಹಂಚುವ ವ್ಯವಸ್ಥೆಗೆ ಆಧಾರವೇ ಇಲ್ಲ. ಆದರೆ ಹೊಳೆಯನ್ನು ಕಾಯುವ ಹೊಣೆ ಹೊಳೆಯಿಂದ ಬದುಕುವವರ ಕೈಯಲ್ಲಿರಬೇಕು ಎಂಬ ಪೆರುವಿನ ಪಾಠವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಹೀಗಾಗಿ ನಿಯಮ ಬೇಕಾದದ್ದು ಆಮೆಯ ಮೇಲಲ್ಲ, ಆಮೆಯಿರುವ ನೀರಿನಲ್ಲಿ ನಾವು ಮಾಡುವ ಕೆಲಸದ ಮೇಲೆ. ಕೆಲವು ವರ್ಷಗಳ ಹಿಂದೆ ನಿಮ್ಮ ಜಿಲ್ಲೆಯದೇ ಒಂದು ಕೆರೆಯಲ್ಲಿ ಮೇ ತಿಂಗಳಲ್ಲಿ ಹೂಳೆತ್ತುವಾಗ ನಾನು ಏರಿಯ ಮೇಲೆ ನಿಂತಿದ್ದೆ. ಮೇಲೆ ಬಿರುಕುಬಿಟ್ಟ ನೆಲ, ಎರಡು ಅಡಿ ಕೆಳಗೆ ಇನ್ನೂ ಹಸಿಯಾದ ಕರಿಗೆಸರು. ಜೆಸಿಬಿಯ ಬಕೆಟ್ಟು ಮೇಲೆದ್ದಾಗಲೆಲ್ಲ ಮಣ್ಣಿನ ಹೆಂಟೆಗಳ ನಡುವೆ ಆಮೆಗಳಿದ್ದವು. ಕೆಲವು ಸೀಳಿಹೋಗಿದ್ದವು, ಕೆಲವು ಜೀವಂತವಾಗಿಯೇ ಟ್ರ್ಯಾಕ್ಟರ್ ಸೇರಿ ಹೊಲಗಳಿಗೆ ಹೋದವು. ಮಣ್ಣು ತುಂಬಿಸಿಕೊಳ್ಳಲು ಬಂದ ರೈತರಾಗಲಿ ಡ್ರೈವರಾಗಲಿ ಆಮೆಗೆ ಹಗೆಗಳೇನಲ್ಲ. ಪಕ್ಕದಲ್ಲಿದ್ದ ವಯಸ್ಸಾದ ಅಂಬಿಗರೊಬ್ಬರು, “ಮೀನ ಹ್ವಾದ್ರ ಮುಂದಿನ ವರ್ಷ ಬರ್ತಾವ್ರೀ ಸರ್ರ, ಆಮಿ ಹ್ವಾದ್ರ ಹ್ವಾತು” ಎಂದರು. ನಾನು ಇಷ್ಟು ಹೊತ್ತು ಅಂಕಿಸಂಖ್ಯೆ ಹಿಡಿದು ಹೇಳಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಆ ಒಂದು ವಾರದ ಯಂತ್ರದ ಕೆಲಸ ಮಾಡಿದ ಹಾನಿಗೆ ಕದ್ದು ಹಿಡಿಯುವವರ ಎಷ್ಟು ವರ್ಷದ ಗಾಳವೂ ಸಮನಾಗಲಾರದು.

ಹೂಳೆತ್ತಬಾರದು ಎಂದು ನಾನು ಹೇಳುತ್ತಿಲ್ಲ. ಬಯಲುಸೀಮೆಯ ಕೆರೆಗೆ ಹೂಳೆತ್ತದೆ ಗತಿಯಿಲ್ಲ. ಇಡೀ ಕೆರೆಯನ್ನು ಒಂದೇ ಬೇಸಗೆಯಲ್ಲಿ ಕೆರೆಯದೆ, ಪಾಲು ಮಾಡಿ ಎರಡು-ಮೂರು ವರ್ಷಕ್ಕೆ ಹಂಚಬೇಕು. ಕೊನೆಗೆ ನೀರು ನಿಲ್ಲುವ ತಗ್ಗನ್ನು ಮುಟ್ಟದೆ ಬಿಡಬೇಕು. ಯಂತ್ರ ಇಳಿಸುವ ಮೊದಲು ವಲಯ ಅರಣ್ಯ ಕಚೇರಿಗೆ ತಿಳಿಸಿ, ಸಿಕ್ಕ ಆಮೆಗಳನ್ನು ಅವರ ಎದುರಿನಲ್ಲಿಯೇ ಅದೇ ಕೆರೆಯ ತಗ್ಗಿಗೆ ಬಿಡಿಸಬೇಕು. ದೂರದ ಹೊಳೆಗೆ ಒಯ್ದು ಬಿಟ್ಟರೆ ರೋಗವನ್ನೂ ಜೊತೆಗೆ ಒಯ್ದಂತಾಗಬಹುದು. ಏರಿಯ ಒಳಮೈಗೆಲ್ಲ ಕಲ್ಲು ಹೊದಿಸುವಾಗ ಸ್ವಲ್ಪ ದಂಡೆಯನ್ನಾದರೂ ಬರಿಮಣ್ಣಾಗಿ ಬಿಟ್ಟರೆ ತಾಯಾಮೆ ಹತ್ತಿ ಮೊಟ್ಟೆಯಿಡಲು ಜಾಗ ಉಳಿಯುತ್ತದೆ. ಹೊಳೆಯಲ್ಲಾದರೆ ಮರಳಿನ ದಿಬ್ಬಗಳೇ ಮೆದುಚಿಪ್ಪಿನ ಆಮೆಯ ಬಾಣಂತಿಕೋಣೆ. ವರದೆ ತುಂಗಭದ್ರೆಯನ್ನು ಸೇರುವ ಗಳಗನಾಥದ ಕೆಳಗಾಗಲಿ ಮೇಲಾಗಲಿ ರಾತ್ರಿ ಮರಳು ತುಂಬುವ ಲಾರಿಗಳ ಬಗ್ಗೆ ನಾನು ನಿಮಗೆ ಹೊಸದಾಗಿ ಹೇಳುವುದೇನಿದೆ?

ನಿಮ್ಮ ಸಂಘದ ಕೈಯಲ್ಲಿಯೇ ಇರುವ ಆಯುಧವೆಂದರೆ ಗುತ್ತಿಗೆಯ ಕರಾರು. ಮುಂದಿನ ಸಲ ಕರಾರು ಬರೆಯುವಾಗ ವಿಷ, ಸಿಡಿಮದ್ದು, ಕರೆಂಟು ಹಾಕಿ ಮೀನು ಹಿಡಿಯುವಂತಿಲ್ಲವೆಂದೂ, ಕೆರೆಯ ಒಂದು ಮೂಲೆಯಲ್ಲಿ ಬಲೆ ಬಿಡುವಂತಿಲ್ಲವೆಂದೂ, ಸಿಕ್ಕ ಆಮೆಯನ್ನು ಅಲ್ಲೇ ಬಿಡಬೇಕೆಂದೂ ನೀವೇ ಕೇಳಿ ಬರೆಸಿಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಅದು ನಡಾವಳಿ ಪುಸ್ತಕದಲ್ಲಿಯೇ ಮಲಗಿರುತ್ತದೆ. ಸಂಘದಿಂದ ಒಬ್ಬರು ಅದರೊಳಗೆ ಸೇರಿ, ಯಾವ ತಿಂಗಳಲ್ಲಿ, ಎಷ್ಟು ದೊಡ್ಡ ಆಮೆ, ಯಾವ ಬಲೆಗೆ ಬಿತ್ತು ಎಂಬುದನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯುತ್ತ ಹೋದರೆ, ಐದಾರು ವರ್ಷಗಳಲ್ಲಿ ನಿಮ್ಮ ಕೆರೆಯ ಬಗ್ಗೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲದ ಲೆಕ್ಕ ನಿಮ್ಮಲ್ಲಿರುತ್ತದೆ. ಹರಿದ ಬಲೆಗೆ ಪರಿಹಾರ ಕೇಳುವಾಗಲೂ ಆ ಲೆಕ್ಕವೇ ಸಾಕ್ಷಿ. ಕಾಡುಹಂದಿ ತಿಂದ ಬೆಳೆಗೆ ಪರಿಹಾರವಿರುವಾಗ ರಕ್ಷಿತ ಪ್ರಾಣಿ ಹರಿದ ಬಲೆಗೆ ಏಕಿಲ್ಲ ಎಂದು ಕೇಳುವುದು, ಬೇಟೆಯ ಪರವಾನಗಿ ಕೇಳುವುದಕ್ಕಿಂತ ನ್ಯಾಯವಾದ ಬೇಡಿಕೆ.

ಬಲೆಯ ನಷ್ಟವನ್ನು ಕಡಿಮೆ ಮಾಡಲು ಒಂದೆರಡು ಉಪಾಯಗಳಿವೆ. ಕೆರೆಯಾಮೆ ಬಸವನಹುಳ, ಕಪ್ಪೆ, ಜಲಸಸ್ಯ, ಸತ್ತ ಮೀನು ಹೀಗೆ ಸಿಕ್ಕದ್ದನ್ನು ತಿನ್ನುವ ಪ್ರಾಣಿ. ಚುರುಕಾಗಿ ಈಜುವ ಕಾಟ್ಲಾವನ್ನು ಅಟ್ಟಿ ಹಿಡಿಯುವಷ್ಟು ವೇಗ ಅದಕ್ಕಿಲ್ಲ. ಅದು ಬಲೆಗೆ ಬರುವುದು ಬಲೆಯಲ್ಲಿ ಸಿಕ್ಕಿ ಸತ್ತ ಮೀನಿಗಾಗಿ. ಸಂಜೆ ಬಿಟ್ಟ ಬಲೆಯನ್ನು ಬೆಳಗಿನವರೆಗೆ ಹಾಗೆಯೇ ಬಿಡದೆ ನಡುರಾತ್ರಿ ಒಮ್ಮೆ ಹರಿಗೋಲಿನಲ್ಲಿ ಹೋಗಿ ಮೀನು ಬಿಡಿಸಿಕೊಂಡರೆ ಮೀನೂ ಕೆಡುವುದಿಲ್ಲ, ಬಲೆಯೂ ಉಳಿಯುತ್ತದೆ. ಬಿದಿರಿನ ಕೂಳಿ ಇಡುವವರು ಅದರ ತಲೆ ನೀರಿನಿಂದ ನಾಲ್ಕು ಬೆರಳು ಮೇಲಿರುವಂತೆ ಇಟ್ಟರೆ ಒಳಸೇರಿದ ಆಮೆ ಉಸಿರು ಕಟ್ಟಿ ಸಾಯುವುದಿಲ್ಲ; ಅದು ಗಾಳಿಗೆ ಮೇಲೆ ಬರಲೇಬೇಕಾದ ಪ್ರಾಣಿ.

ಬಲೆಯಲ್ಲಿ ಆಮೆ ಸಿಕ್ಕಿದ್ದರೆ ಎಳೆದಾಡಬೇಡಿ, ಕತ್ತಿನ ಮತ್ತು ಮುಂಗಾಲಿನ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ. ನಾಲ್ಕು ಕಣ್ಣು ಹೋದರೂ ಬಲೆಯನ್ನು ಮತ್ತೆ ಹೆಣೆಯಬಹುದು. ಹಿಡಿಯುವಾಗ ಚಿಪ್ಪಿನ ಹಿಂಭಾಗದ ಎರಡು ಮಗ್ಗುಲಲ್ಲಿ ಹಿಡಿಯಿರಿ, ಏಕೆಂದರೆ ಅದರ ಕತ್ತು ನೀವು ಎಣಿಸಿದ್ದಕ್ಕಿಂತ ಉದ್ದವಿರುತ್ತದೆ, ಕಡಿತವೂ ಹಾಗೆಯೇ. ಅಲುಗಾಡದೆ ಬಿದ್ದಿದ್ದರೆ ಸತ್ತಿತೆಂದು ಎಸೆಯಬೇಡಿ, ಕೂಡಲೇ ನೀರಿಗೂ ಬಿಡಬೇಡಿ. ನೀರು ಕುಡಿದು ಮೂರ್ಛೆಹೋದ ಆಮೆ ಮತ್ತೆ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗಾಗಿ ನೆರಳಿನಲ್ಲಿ ಮಲಗಿಸಿ, ಹಿಂಭಾಗದ ಅಡಿಗೆ ಒಂದು ಕಟ್ಟಿಗೆ ತುಂಡಿಟ್ಟು ಎತ್ತರ ಮಾಡಿ, ಮೂಗು ಬಿಟ್ಟು ಮೈಮೇಲೆ ಒದ್ದೆ ಗೋಣಿಚೀಲ ಹೊದಿಸಿ. ನೀವು ಮೀನು ತೂಗಿ ಹಾವೇರಿಯ ಪೇಟೆಗೆ ಕಳಿಸಿ ಬರುವಷ್ಟರಲ್ಲಿ ಎಷ್ಟೋ ಸಲ ಅದು ತಾನಾಗಿಯೇ ಗೋಣಿಚೀಲದಿಂದ ಹೊರಬಂದು ನೀರಿನ ಕಡೆಗೆ ಹೊರಟಿರುತ್ತದೆ.